ಕ್ಯಾಶ್‌ಬುಕ್ಕನ್ನು ಓದುವ ಬಗೆ

ದಲಿತ ವಿಮರ್ಶೆ ಅಂದರೆ ಕತೆ, ಕವಿತೆಗಳ ವಿಮರ್ಶೆ ಅಷ್ಟೇ ಅಲ್ಲ. ನಮ್ಮ ಹೆಸರಿನಲ್ಲಿ ಬರುವ ದುಡ್ಡಿನ ಲೆಕ್ಕದ ಪುಸ್ತಕವೂ ನಾವು ಓದಬೇಕಾದ ಪಠ್ಯವೇ. ಅದನ್ನು ಓದುವ ಬಗೆ ಹ್ಯಾಂಗ ಎಂಬುದಕ್ಕೆ ಈ ನಾಲ್ಕು ಮಾತು.

ಆಡಿಟ್ ಅಂದಕೂಡಲೇ ರಸೀದಿ, ವೋಚರು, ಕೂಡಿಸು-ಕಳೆ ನೆನಪಾಗುತ್ತದೆ. ಅದು ಅರ್ಧ ಕೆಲಸ. ಇನ್ನರ್ಧ, ಇಲಾಖೆಯೊಳಗಿನ ನಿಯಂತ್ರಣವನ್ನೇ ಪರೀಕ್ಷೆ ಮಾಡುವುದು. ಮಂಜೂರು ಮಾಡಿದವನೇ ಚೆಕ್ಕಿಗೆ ಸಹಿ ಹಾಕಿ, ಅವನೇ ಲೆಕ್ಕ ಬರೆದರೆ ತಪ್ಪು ಹಿಡಿಯುವವರ್ಯಾರು? ಬ್ಯಾಂಕಿನ ಲೆಕ್ಕಕ್ಕೂ ಕಚೇರಿಯ ಕ್ಯಾಶ್‌ಬುಕ್ಕಿಗೂ ತಿಂಗಳಿಗೊಮ್ಮೆ ತಾಳೆ ನೋಡಿದ್ದಾರೆಯೇ? ಪಟ್ಟಿಯಲ್ಲಿರುವ ಫಲಾನುಭವಿ ಊರಲ್ಲಿ ಇದ್ದಾಳೆಯೇ?

ನಾನು ಓದಿದ ಹಾಸ್ಟೆಲ್ಲಿನಲ್ಲಿ (ಊರ ಹೆಸರು ಬ್ಯಾಡ) ಸಾಹೇಬರು ತಪಾಸಣೆಗೆ ಬರುವ ದಿನ ಹಾಜರಿ ಪುಸ್ತಕ ತುಂಬಿರುತ್ತಿತ್ತು. ಲೆಕ್ಕ ಒಂದು ಪೈಸೆ ತಪ್ಪುತ್ತಿರಲಿಲ್ಲ. ಸಾರಿನ್ಯಾಗ ಬ್ಯಾಳಿ ಮಾತ್ರ ಇರುತ್ತಿರಲಿಲ್ಲ. ಪುಸ್ತಕ ನೋಡಿದವರು ಅಡಿಗಿಮನಿಗೆ ಬರಲಿಲ್ಲ, ಹುಡುಗರ ತಲಿ ಎಣಿಸಲಿಲ್ಲ.

2024ರ ಮೇ ತಿಂಗಳಲ್ಲಿ ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಹೊರಬಿದ್ದದ್ದು ಇಷ್ಟು: ನಿಗಮದ 187 ಕೋಟಿ ರೂಪಾಯಿ ಒಂದು ಬ್ಯಾಂಕ್ ಶಾಖೆಯಿಂದ ಇನ್ನೊಂದು ಶಾಖೆಗೆ ಸರಿದು, ಅದರಲ್ಲಿ ಸುಮಾರು 89 ಕೋಟಿ ಅಕ್ರಮವಾಗಿ ಹೊರಗೆ ಹೋಗಿತ್ತು. ಜೂನಿನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು. ಅಪರಾಧಿ ಯಾರೆಂದು ಹೇಳುವುದು ಕೋರ್ಟಿನ ಕೆಲಸ. ಆಡಿಟಿನ ಪ್ರಶ್ನೆ ಬೇರೆ. ಅಷ್ಟು ಹಣ ದಾಟುವಾಗ ಒಂದು ಬಾಗಿಲಾದರೂ ಯಾಕೆ ಸಪ್ಪಳ ಮಾಡಲಿಲ್ಲ? ಒಬ್ಬ ನೌಕರನ ಹೆಣ ಬೀಳುವತನಕ ಊರಿಗೆ ಗೊತ್ತಾಗದಿದ್ದರೆ ಆ ನಿಯಂತ್ರಣ ಕಾಗದದ ಮೇಲಿನದು.

ಇನ್ನು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮಾತು. ಇಲ್ಲಿ ನಿಯಂತ್ರಣ ಸಡಿಲವಲ್ಲ, ಬಿಗಿ. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿತು. ಪುನರ್ವಸತಿಗೆಂದು 1993-94 ಮತ್ತು 2007-08ರಲ್ಲಿ ಸಮೀಕ್ಷೆ ನಡೆದವು. ಎರಡೂ ಸೇರಿ ರಾಜ್ಯದಲ್ಲಿ 46,660 ಹೆಸರು. ಮಾಸಾಶನಕ್ಕೆ ಆ ಪಟ್ಟಿಯೇ ಆಧಾರವಾಯಿತು. ಎಣಿಸುವವರು ಬಂದ ದಿನ ಕಬ್ಬು ಕಡಿಯಲಿಕ್ಕೆ ಸಾಂಗಲಿ ಕಡೆ ಹೋದವಳು, ನಾಚಿಕೆಗೆ ಬಾಯಿ ಬಿಡದವಳು ವರ್ಷಗಟ್ಟಲೆ ಹೊರಗೇ ಉಳಿಯಬೇಕು. ಪಟ್ಟಿಯೊಳಗಿನ ಸುಳ್ಳು ಹೆಸರು ಹುಡುಕುವ ಆಡಿಟು ಪಟ್ಟಿಯ ಹೊರಗಿನ ಖರೇ ಹೆಂಗಸನ್ನು ಹುಡುಕುವುದಿಲ್ಲ. ಆಕೆಯ ಹೆಸರಿಗೆ ವೋಚರಿಲ್ಲ. ವೋಚರಿಲ್ಲವಾದ್ದರಿಂದ ಆಕ್ಷೇಪಣೆಯೂ ಇಲ್ಲ. ಮ್ಯಾಲಿನವರಿಗೆ ಕೋಟಿ ದಾಟಿಸಲು ಇಲ್ಲದ ಅಡ್ಡಿ, ಆಯಿಗೆ ತಿಂಗಳ ಮಾಸಾಶನಕ್ಕೆ ಇದೆ.

2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆ ಮಾಡುವ ಅಧಿಕಾರ ಕೊಟ್ಟಿತ್ತು. ಪಟ್ಟಿಯನ್ನು ಗುಡಿಕಟ್ಟೆಯಲ್ಲಲ್ಲ, ಕೇರಿಯಲ್ಲಿ ನಿಂತು ಗಟ್ಟಿಯಾಗಿ ಓದಿದರೆ ಎರಡೂ ತಪ್ಪು ಒಮ್ಮೆಲೇ ಹೊರಬೀಳುತ್ತವೆ. ಸತ್ತವರ ಹೆಸರು ಬಂದಾಗ ಮಂದಿ ನಗುತ್ತಾರೆ. ಓದಿ ಮುಗಿದ ಮೇಲೆ ಹಿಂದೆ ಕೂತ ಮುದುಕಿ ಕೇಳುತ್ತಾಳೆ: ‘ತಮ್ಮಾ, ನನ್ನ ಹೆಸರ ಬರಲಿಲ್ಲಲ್ಲೋ?’