ಬಾಡಿಗೆಯ ಮನೆ ಎಲ್ಲಿರಬೇಕು?

ನಿವೃತ್ತಿಯ ಹಣವನ್ನೆಲ್ಲ ಸುರಿದು, ಬೆಂಗಳೂರಿನಲ್ಲಿ ಒಂದು ಸಂಸಾರಕ್ಕಾಗುವ ಮನೆಯನ್ನು ಕೊಂಡು, ಅದರ ಬಾಡಿಗೆಯಿಂದ ನೆಮ್ಮದಿಯಾಗಿರಬೇಕೆಂಬುದು ಅನೇಕ ಗೃಹಸ್ಥರ ಆಸೆ. ಬಡಾವಣೆಯ ಹೆಸರಿಗೆ ಮರುಳಾಗಿ ಮುಂಗಡ ಕೊಟ್ಟುಬಿಡುವವರೂ ಉಂಟು. ಅಲ್ಲಿ ವಾಸಿಸತಕ್ಕವರು ತಾವಲ್ಲ, ಬೇರೆಯವರು ಎಂಬುದು ಅವರಿಗೆ ಮರೆತೇ ಹೋಗಿರುತ್ತದೆ.

ಆ ಬೇರೆಯವರಿಗೆ ಬೇಕಾದುದು ಕಚೇರಿಯ ದಾರಿ, ಮಕ್ಕಳ ಶಾಲೆ, ಎಲ್ಲಕ್ಕೂ ಮಿಗಿಲಾಗಿ ನೀರು. ಮೆಟ್ರೋ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಬೊಮ್ಮಸಂದ್ರವನ್ನೂ ಮುಟ್ಟಿದ ಮೇಲೆ ದೂರದ ಲೆಕ್ಕ ಬದಲಾಯಿತು. ನೀರಿನ ಲೆಕ್ಕ ಅಷ್ಟು ಸುಲಭವಲ್ಲ. ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಏರಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಲು, ಹೊರವಲಯದ ಎಷ್ಟೋ ಮನೆಗಳು ಟ್ಯಾಂಕರಿನ ದಾರಿ ಕಾದವು. 2022ರ ಮಳೆಗಾಲದಲ್ಲಾದರೋ ತಗ್ಗಿನಲ್ಲಿದ್ದ ಸಿರಿವಂತರ ಬಡಾವಣೆಗಳಲ್ಲೇ ದೋಣಿ ತೇಲಿತು! ಆದುದರಿಂದ ಆ ಬೀದಿಯನ್ನು ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಸುರಿಯುವ ಮಳೆಯಲ್ಲಿ ನೋಡಿ ಬರುವುದು ಲೇಸು. ಹಳೆಯ ನಕ್ಷೆಯಲ್ಲಿ ಅಲ್ಲಿ ಕೆರೆಯೋ ರಾಜಕಾಲುವೆಯೋ ಇತ್ತೇ ಎಂಬುದನ್ನೂ ವಿಚಾರಿಸಬೇಕು.

ಒಂದು ಕೋಟಿಯ ಮನೆಗೆ ತಿಂಗಳಿಗೆ 25,000 ರೂಪಾಯಿ ಬಂದರೆ ವರ್ಷಕ್ಕೆ ಶೇಕಡಾ 3 ಮಾತ್ರ. ನೀರಿಲ್ಲವೆಂದು ಬಾಡಿಗೆದಾರರು ಹೊರಟು ಮನೆ ಎರಡು ತಿಂಗಳು ಖಾಲಿ ಬಿದ್ದರೆ, ಅದರಲ್ಲೂ 50,000 ಹೋಯಿತು.