ಬಾಯ್ಲರನ್ನು ಪರೀಕ್ಷಿಸುವವರಿಗೆ ಸಂಬಳ ಕೊಡುವವರು ಯಾರು?

ತಿಪಟೂರಿನ ಹೆಸರನ್ನು ಕೇಳಿದೊಡನೆ ನೆನಪಿಗೆ ಬರುವುದು ಉಂಡೆಕೊಬ್ಬರಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳ ಕಾಯಿಗಳು ತಿಂಗಳುಗಟ್ಟಲೆ ಅಟ್ಟದ ಮೇಲೆ ಕುಳಿತು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿಯಾಗುವ ಕ್ರಮ ಬಹಳ ಹಳೆಯದು. ಅದಕ್ಕೆ ಯಂತ್ರವೂ ಬೇಡ, ಬೆಂಕಿಯೂ ಬೇಡ, ತಾಳ್ಮೆಯೊಂದಿದ್ದರೆ ಸಾಕು. ಈಗಲಾದರೋ ಹಸಿಯ ಕಾಯಿಯನ್ನೇ ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ ಪುಡಿಮಾಡುವ ಕಾರ್ಖಾನೆಗಳೂ, ಮಟ್ಟೆಯನ್ನು ಬಡಿದು ನಾರು ತೆಗೆಯುವ ಘಟಕಗಳೂ ಈ ಸೀಮೆಯಲ್ಲಿ ಎದ್ದುನಿಂತಿವೆ. ತಾಳ್ಮೆಯ ಕೆಲಸವನ್ನು ಈಗ ಆವಿ ಮತ್ತು ವಿದ್ಯುತ್ತು ಮಾಡುತ್ತವೆ.

ಕೆಲವು ಕಾಲದ ಹಿಂದೆ ನಾವು ನಮ್ಮ ತರಗತಿಯವರನ್ನು ಕರೆದುಕೊಂಡು ಇಂತಹ ಪುಡಿಯ ಕಾರ್ಖಾನೆಯೊಂದನ್ನು ನೋಡಲು ಹೋಗಿದ್ದೆವು. ಚಿಪ್ಪನ್ನೇ ಸೌದೆಯಾಗಿ ಉರಿಸುವ ಬಾಯ್ಲರಿನ ಪಕ್ಕದ ಗೋಡೆಯ ಮೇಲೆ, ಗಾಜು ಹಾಕಿದ ಚೌಕಟ್ಟಿನಲ್ಲಿ, ಸರ್ಕಾರದ ಪ್ರಮಾಣಪತ್ರವು ತೂಗುತ್ತಿತ್ತು. ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, “ಸಾರ್, ಇದನ್ನು ಪರೀಕ್ಷೆ ಮಾಡಿದವರಿಗೆ ಹಣ ಕೊಟ್ಟವರು ಯಾರು? ಮಾಲೀಕರೇ ಕೊಟ್ಟಿದ್ದರೆ ಈ ಕಾಗದವನ್ನು ನಂಬುವುದು ಹೇಗೆ?” ಎಂದು ಕೇಳಿದಳು. “ಸರ್ಕಾರ ಕೊಡುತ್ತದಮ್ಮ” ಎಂದು ಹೇಳಿ ನಾವು ಆವಿಯ ವಿಷಯಕ್ಕೆ ಹೊರಳಿದೆವು. ನಿಜ ಹೇಳಬೇಕೆಂದರೆ, ಅದಕ್ಕಿಂತ ಹೆಚ್ಚಿನ ಉತ್ತರ ಆಗ ನಮಗೂ ತಿಳಿದಿರಲಿಲ್ಲ.

ಮೊದಲು, ಬಾಯ್ಲರಿಗೆ ಪರೀಕ್ಷೆಯೇಕೆ ಬೇಕೆಂಬುದನ್ನು ನೋಡೋಣ. ಒಂದು ಚದರ ಸೆಂಟಿಮೀಟರಿಗೆ ೧೦ ಕಿಲೋಗ್ರಾಂ ಒತ್ತಡದಲ್ಲಿ ಕೆಲಸ ಮಾಡುವ ಬಾಯ್ಲರನ್ನು ಭಾವಿಸಿಕೊಳ್ಳಿ. ಅದರ ಗೋಡೆಯ ಒಂದೊಂದು ಚದರ ಮೀಟರಿನ ಮೇಲೂ ೧೦೦ ಟನ್ನುಗಳ ನೂಕು ಬಿದ್ದಿರುತ್ತದೆ. ಆದರೂ ಅಪಾಯದ ಮೂಲ ಇದಲ್ಲ, ಒಳಗಿರುವ ನೀರು. ಆ ಒತ್ತಡದಲ್ಲಿ ನೀರು ೧೦೦ ಡಿಗ್ರಿಗೆ ಕುದಿಯದೆ ಸುಮಾರು ೧೮೦ ಡಿಗ್ರಿಯವರೆಗೆ ಕಾಯುತ್ತದೆ. ತಗಡು ಎಲ್ಲಾದರೂ ಸೀಳಿತೆಂದರೆ ಒತ್ತಡವು ಕ್ಷಣಾರ್ಧದಲ್ಲಿ ಇಳಿದು, ಹೆಚ್ಚಾಗಿದ್ದ ಆ ೮೦ ಡಿಗ್ರಿಯ ಶಾಖವೇ ನೀರಿನ ಸುಮಾರು ಏಳರಲ್ಲೊಂದು ಪಾಲನ್ನು ಆವಿಯಾಗಿ ಮಾಡುತ್ತದೆ. ಸಾವಿರ ಕಿಲೋಗ್ರಾಂ ನೀರಿದ್ದರೆ ೧೫೦ ಕಿಲೋಗ್ರಾಂ ಆವಿ. ಅದು ಹರಡಿಕೊಳ್ಳಲು ಬಯಸುವ ಜಾಗವು ಸುಮಾರು ೨೫೦ ಘನ ಮೀಟರು, ಎಂದರೆ ನಮ್ಮ ಕಾಲೇಜಿನ ದೊಡ್ಡ ತರಗತಿಯೊಂದರಷ್ಟು. ಬಾಯ್ಲರು ಒಡೆದಾಗ ಛಾವಣಿ ಹಾರಿಹೋಗುವುದು ಈ ಕಾರಣದಿಂದ.

ಪರೀಕ್ಷಕರು ಹೊಸ ಬಾಯ್ಲರನ್ನು ಪರೀಕ್ಷಿಸುವಾಗ ಅದರಲ್ಲಿ ತಣ್ಣೀರನ್ನು ತುಂಬಿ, ಕೆಲಸದ ಒತ್ತಡದ ಒಂದೂವರೆಯಷ್ಟಕ್ಕೆ ಏರಿಸುತ್ತಾರೆ. ಆವಿಯ ಪಾತ್ರೆಗೆ ತಣ್ಣೀರಿನ ಪರೀಕ್ಷೆಯೇ ಎಂದು ನಗಬಾರದು. ಅಷ್ಟು ಒತ್ತಡದಲ್ಲಿ ಸಾವಿರ ಲೀಟರು ನೀರು ಒಂದು ಲೀಟರಿನಷ್ಟೂ ಕುಗ್ಗುವುದಿಲ್ಲ. ಆದುದರಿಂದ ಅದರಲ್ಲಿ ಅಡಗುವ ಶಕ್ತಿಯೂ ಅತ್ಯಲ್ಪ. ದೋಷವಿದ್ದರೆ ನೀರು ಜಿನುಗುತ್ತದೆ, ಯಾರೂ ಸಾಯುವುದಿಲ್ಲ.

ತಿರುಗುವ ಯಂತ್ರದ ಮಾತೂ ಇಂತಹುದೇ. ನಾರಿನ ಘಟಕದಲ್ಲಿ ೩೦ ಸೆಂಟಿಮೀಟರು ವ್ಯಾಸದ ರಾಟೆಯೊಂದು ನಿಮಿಷಕ್ಕೆ ೬೦೦ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳಿ. ಅದರ ಅಂಚಿನ ವೇಗ ಸೆಕೆಂಡಿಗೆ ಒಂಬತ್ತೂವರೆ ಮೀಟರಿಗೆ ಸಮೀಪ. ಸೀರೆಯ ಸೆರಗು ಬೆಲ್ಟಿಗೆ ಸಿಕ್ಕಿತೆಂಬುದು ಮೆದುಳಿಗೆ ತಿಳಿದು ಕೈ ಅಲುಗಲು ಸೆಕೆಂಡಿನ ಐದರಲ್ಲೊಂದು ಭಾಗವಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಸುಮಾರು ಎರಡು ಮೀಟರು ಬಟ್ಟೆ ಒಳಕ್ಕೆ ಹೋಗಿರುತ್ತದೆ. “ಕೆಲಸಗಾರರು ಎಚ್ಚರಿಕೆಯಿಂದಿರಬೇಕಿತ್ತು” ಎಂಬ ಮಾತು ಅಪಘಾತಗಳ ತರುವಾಯ ಯಾವಾಗಲೂ ಕೇಳಿಬರುತ್ತದೆ. ಲೆಕ್ಕವು ಅದನ್ನು ಒಪ್ಪುವುದಿಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯ ೨೧ನೆಯ ಪ್ರಕರಣವು ಎಚ್ಚರಿಕೆಯನ್ನು ನೆಚ್ಚದೆ, ತಿರುಗುವ ಭಾಗಗಳಿಗೆ ಭದ್ರವಾದ ಬೇಲಿ ಇರತಕ್ಕದ್ದೆಂದು ವಿಧಿಸಿದ್ದು ಆದಕಾರಣವೇ.

ಬೇಲಿ ಇದೆಯೇ ಎಂದು ನೋಡುವವರು ಯಾರು? ಈ ಪ್ರಶ್ನೆಗೆ ಇಂಗ್ಲೆಂಡು ತಡವರಿಸಿಯೇ ಉತ್ತರ ಕಂಡುಕೊಂಡಿತು. ೧೮೦೨ರ ಅಲ್ಲಿನ ಕಾಯಿದೆಯು ಆ ಕೆಲಸವನ್ನು ಸ್ಥಳೀಯ ನ್ಯಾಯಾಧಿಕಾರಿಗಳು ನೇಮಿಸುವ ಸಂದರ್ಶಕರಿಗೆ ಒಪ್ಪಿಸಿತ್ತು. ಊರಿನವರೇ ಊರಿನ ಗಿರಣಿಯ ಮಾಲೀಕನ ಮೇಲೆ ದೂರು ಬರೆಯುವುದುಂಟೆ? ಕಾಯಿದೆ ಕಾಗದದಲ್ಲೇ ಉಳಿಯಿತು. ೧೮೩೩ರಲ್ಲಿ ಇಡೀ ದೇಶಕ್ಕೆ ನಾಲ್ವರು ಪರೀಕ್ಷಕರನ್ನು ಸರ್ಕಾರವೇ ನೇಮಿಸಿತು. ಅವರಲ್ಲಿ ಹೆಸರಾದ ಲೆನರ್ಡ್ ಹಾರ್ನರನು ಭೂವಿಜ್ಞಾನಿಯಾಗಿದ್ದನೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಸಂತೋಷದಿಂದ ನೆನೆಯಬಹುದು. ಭಾರತದಲ್ಲಿ ಮೊದಲನೆಯ ಕಾರ್ಖಾನೆ ಕಾಯಿದೆ ಬಂದದ್ದು ೧೮೮೧ರಲ್ಲಿ. ನೂರು ಮಂದಿಗಿಂತ ಕಡಿಮೆ ಇರುವ ಕಾರ್ಖಾನೆಗಳನ್ನು ಅದು ಮುಟ್ಟಲಿಲ್ಲ.

ನಮ್ಮ ಸಂವಿಧಾನದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳು ಸಮವರ್ತಿ ಪಟ್ಟಿಯ ೩೬ ಮತ್ತು ೩೭ನೆಯ ಬಾಬುಗಳು. ಕಾಯಿದೆಯನ್ನು ಸಂಸತ್ತು ಮಾಡುತ್ತದೆ; ನಡೆಸುವವರು ರಾಜ್ಯದವರು. ಕರ್ನಾಟಕದಲ್ಲಿ ಈ ಹೊಣೆಯನ್ನು ಹೊತ್ತಿರುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಬೆಂಗಳೂರಿನ ಕಾರ್ಮಿಕ ಭವನದಲ್ಲಿ ನಿರ್ದೇಶಕರು. ಅವರ ಕೆಳಗೆ ಜಂಟಿ, ಉಪ ಮತ್ತು ಸಹಾಯಕ ನಿರ್ದೇಶಕರು. ಕಾರ್ಖಾನೆಗಳಿಗೆ ಹೋಗಿ ನೋಡುವ ಕೆಲಸ ಈ ಶ್ರೇಣಿಯ ಕೆಳಗಿನ ಮೆಟ್ಟಿಲುಗಳಲ್ಲಿರುವ ಅಧಿಕಾರಿಗಳದು. ೧೯೪೫ರಲ್ಲಿ ಆರಂಭವಾದ ಕೇಂದ್ರದ ಸಲಹಾ ಸಂಸ್ಥೆಯು ರಾಜ್ಯಗಳಿಗೆ ತಾಂತ್ರಿಕ ಸಲಹೆಯನ್ನೂ ತರಬೇತಿಯನ್ನೂ ನೀಡುತ್ತದೆಯೇ ಹೊರತು ತಿಪಟೂರಿನ ಬಾಯ್ಲರನ್ನು ಬಂದು ತಟ್ಟಿ ನೋಡುವುದಿಲ್ಲ.

ಇನ್ನು ಹಣದ ವಿಷಯ. ಮಾಲೀಕರು ಹಣ ಕೊಡುತ್ತಾರೆಂಬ ನಮ್ಮ ವಿದ್ಯಾರ್ಥಿನಿಯ ಊಹೆ ಅರ್ಧ ಸರಿ. ೧೯೬೯ರ ಕರ್ನಾಟಕ ಕಾರ್ಖಾನೆ ನಿಯಮಗಳಲ್ಲಿ ಲೈಸೆನ್ಸಿನ ಶುಲ್ಕಕ್ಕೆ ಒಂದು ಕೋಷ್ಟಕವಿದೆ. ಒಂದು ಕಡೆ ಕೆಲಸಗಾರರ ಸಂಖ್ಯೆ, ಇನ್ನೊಂದು ಕಡೆ ಯಂತ್ರಗಳ ಅಶ್ವಶಕ್ತಿ. ಇವೆರಡೂ ಏರಿದಂತೆ ಶುಲ್ಕವೂ ಏರುತ್ತದೆ. ಬಾಯ್ಲರಿನ ಪರೀಕ್ಷೆಗೆ ಬೇರೆ ಶುಲ್ಕ. ಆದರೆ ಈ ಹಣ ಪರೀಕ್ಷಕರ ಕೈಗಾಗಲಿ ಅವರ ಇಲಾಖೆಯ ಪೆಟ್ಟಿಗೆಗಾಗಲಿ ಹೋಗುವಂತಿಲ್ಲ. ಸಂವಿಧಾನದ ೨೬೬ನೆಯ ವಿಧಿಯಂತೆ ಅದು ರಾಜ್ಯದ ಸಂಚಿತ ನಿಧಿಯನ್ನು ಸೇರಬೇಕು. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ೦೨೩೦ ಎಂಬ ಜಮಾ ಶೀರ್ಷಿಕೆಯ ಕೆಳಗೆ, ೧೦೩ ಎಂಬಲ್ಲಿ ಬಾಯ್ಲರು ಪರೀಕ್ಷೆಯ ಶುಲ್ಕವೂ ೧೦೪ ಎಂಬಲ್ಲಿ ಕಾರ್ಖಾನೆ ಕಾಯಿದೆಯ ಶುಲ್ಕವೂ ಬರೆಯಲ್ಪಡುತ್ತವೆ. ಖರ್ಚಿನ ಶೀರ್ಷಿಕೆ ಬೇರೆಯೇ, ೨೨೩೦. ಅದರೊಳಗೆ ‘ಕೆಲಸದ ಪರಿಸ್ಥಿತಿ ಮತ್ತು ಸುರಕ್ಷತೆ’ ಎಂಬ ಬಾಬಿದೆ. ಪರೀಕ್ಷಕರ ಸಂಬಳ, ಪ್ರಯಾಣದ ಭತ್ಯೆ, ಕಚೇರಿಯ ಬಾಡಿಗೆಗಳಿಗೆ ಬೇಕಾದ ಹಣವನ್ನು ಶಾಸನಸಭೆಯು ವರ್ಷವರ್ಷವೂ ಮಂಜೂರು ಮಾಡಿ, ಧನವಿನಿಯೋಗ ಕಾಯಿದೆಯನ್ನು ಒಪ್ಪಿದ ಮೇಲೆಯೇ ಬೊಕ್ಕಸದಿಂದ ತೆಗೆಯಬಹುದು.

ಹಳ್ಳದ ನೀರೆಲ್ಲ ಕೆರೆಗೆ. ಗದ್ದೆಗೆ ಬೇಕಾದ ನೀರು ತೂಬಿನಿಂದ. ಯಾವ ಹಳ್ಳದ ನೀರು ಯಾವ ಗದ್ದೆಗೆ ಬಂದಿತೆಂದು ಯಾರೂ ಹೇಳಲಾರರು. ಮಾಲೀಕನ ಶುಲ್ಕಕ್ಕೂ ಪರೀಕ್ಷಕನ ಸಂಬಳಕ್ಕೂ ನಡುವೆ ಇಂತಹ ಕೆರೆಯೊಂದನ್ನು ಬೇಕೆಂದೇ ಕಟ್ಟಲಾಗಿದೆ. ಹೆಚ್ಚು ಪ್ರಮಾಣಪತ್ರ ಕೊಟ್ಟರೆ ಹೆಚ್ಚು ಸಂಬಳವಿಲ್ಲ. ಬಾಯ್ಲರನ್ನು ನಿರಾಕರಿಸಿದರೆ ಸಂಬಳ ಕಡಿಮೆಯಾಗುವುದೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೮೧ನೆಯ ಒಡಂಬಡಿಕೆ ಪರೀಕ್ಷಕರ ನೌಕರಿಯು ಸ್ಥಿರವಾಗಿದ್ದು, ಸರ್ಕಾರ ಬದಲಾದರೂ ಅಲುಗದೆ, ಹೊರಗಿನ ಅನುಚಿತ ಪ್ರಭಾವಕ್ಕೆ ಒಳಗಾಗದಂತೆ ಇರಬೇಕೆಂದು ಕೇಳುತ್ತದೆ. ೧೯೪೭ರ ಈ ಒಡಂಬಡಿಕೆಯನ್ನು ಭಾರತವು ೧೯೪೯ರಲ್ಲಿ ಒಪ್ಪಿತು.

ಈ ಏರ್ಪಾಡಿಗೂ ಒಂದು ಬೆಲೆಯುಂಟು. ಕಾರ್ಖಾನೆಗಳು ಎರಡರಷ್ಟಾಗಿ ಶುಲ್ಕವು ಎರಡರಷ್ಟು ಬಂದರೂ ಪರೀಕ್ಷಕರು ತಾವಾಗಿಯೇ ಎರಡರಷ್ಟಾಗುವುದಿಲ್ಲ. ಅದಕ್ಕೆ ಹಣಕಾಸಿನ ಇಲಾಖೆ ಒಪ್ಪಬೇಕು, ಹುದ್ದೆ ಮಂಜೂರಾಗಬೇಕು, ಮಂಜೂರಾದದ್ದು ಭರ್ತಿಯಾಗಬೇಕು. ಅದೇ ಒಡಂಬಡಿಕೆಯು ಪರೀಕ್ಷಕರಿಗೆ ಪ್ರಯಾಣದ ಸೌಕರ್ಯವನ್ನೂ ಒದಗಿಸಬೇಕೆಂದು ಹೇಳುವುದನ್ನು ಓದಿ ಕೆಲವರು ನಗಬಹುದು. ತುಮಕೂರಿನಿಂದ ಚಿಕ್ಕನಾಯಕನಹಳ್ಳಿಯ ಮೂಲೆಯ ನಾರಿನ ಘಟಕದವರೆಗೆ ಬಸ್ಸು ಹಿಡಿದು ಹೋಗಿ ಬಂದವರು ನಗಲಾರರು.

ಬೇರೆ ದಾರಿಗಳೂ ಇವೆ. ಬ್ರಿಟನ್ನಿನಲ್ಲಿ ೨೦೧೨ರ ಅಕ್ಟೋಬರಿನಿಂದ, ನಿಯಮ ಮೀರಿದ್ದು ಕಂಡುಬಂದರೆ ಪರೀಕ್ಷಕರು ಅಲ್ಲಿ ಕಳೆದ ಗಂಟೆಗಳಿಗೆ ಕಂಪನಿಯೇ ಹಣ ತೆರಬೇಕು. ತಪ್ಪು ಮಾಡದವರಿಗೆ ಈ ಖರ್ಚಿಲ್ಲ. ಜರ್ಮನಿಯಲ್ಲಿ ೧೮೮೪ರ ಕಾಯಿದೆಯಿಂದ ಹುಟ್ಟಿದ ಅಪಘಾತ ವಿಮೆಯ ಸಂಘಗಳು ಮಾಲೀಕರ ವಂತಿಗೆಯಿಂದಲೇ ತಮ್ಮ ಪರೀಕ್ಷಕರನ್ನು ಇಟ್ಟುಕೊಂಡಿವೆ. ಅಪಘಾತ ಕಡಿಮೆಯಾದರೆ ಪರಿಹಾರದ ಹೊರೆಯೂ ಇಳಿಯುವುದರಿಂದ ಅಲ್ಲಿ ಪರೀಕ್ಷೆಯಲ್ಲಿ ಎಲ್ಲರಿಗೂ ಲಾಭ. ನಮ್ಮಲ್ಲಿ ಗಾಯವಾದ ಮೇಲಿನ ಹಣವು ಒಂದು ಕಡೆಯಿಂದ, ಗಾಯವಾಗದಂತೆ ನೋಡುವ ಹಣವು ಇನ್ನೊಂದು ಕಡೆಯಿಂದ ಬರುತ್ತದೆ. ನೌಕರರ ರಾಜ್ಯ ವಿಮೆಗೆ ೨೦೧೯ರ ಜುಲೈಯಿಂದ ಮಾಲೀಕರು ಕೂಲಿಯ ಶೇಕಡ ೩.೨೫ನ್ನೂ ಕೆಲಸಗಾರರು ಶೇಕಡ ೦.೭೫ನ್ನೂ ಕೊಡುತ್ತಾರೆ. ಈ ಎರಡು ಕೈಗಳೂ ಒಂದನ್ನೊಂದು ಅರಿಯದೆ ಕೆಲಸ ಮಾಡುವುದು ನಮಗೆ ಅಷ್ಟೇನೂ ಸರಿಯೆನಿಸುವುದಿಲ್ಲ. ೨೦೦೭ರ ತಿದ್ದುಪಡಿಯ ತರುವಾಯ ಮಾನ್ಯತೆ ಪಡೆದ ಖಾಸಗಿ ತಜ್ಞರೂ ಬಾಯ್ಲರನ್ನು ಪರೀಕ್ಷಿಸಲು ಅವಕಾಶವಾಗಿದೆ. ಅಲ್ಲಿ ನಡುವೆ ಕೆರೆಯಿಲ್ಲ. ವಿದ್ಯಾರ್ಥಿನಿಯ ಪ್ರಶ್ನೆ ಪೂರ್ತಿಯಾಗಿ ಅನ್ವಯಿಸುವುದು ಅಲ್ಲಿಯೇ.

ಈ ಇಲಾಖೆಯ ಕಣ್ಣು ಎಲ್ಲಿಯವರೆಗೆ ಹರಿಯುತ್ತದೆ? ೧೯೪೮ರ ಕಾಯಿದೆಯಲ್ಲಿ, ವಿದ್ಯುತ್ತಿನಿಂದ ನಡೆದರೆ ೧೦ ಮಂದಿ, ಇಲ್ಲದಿದ್ದರೆ ೨೦ ಮಂದಿ ಇರುವ ಸ್ಥಳವು ಕಾರ್ಖಾನೆಯೆನಿಸುತ್ತಿತ್ತು. ೨೦೨೦ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದು ಆ ಸಂಖ್ಯೆಗಳನ್ನು ೨೦ ಮತ್ತು ೪೦ಕ್ಕೆ ಏರಿಸಿತು. ಪರೀಕ್ಷಕರ ಹೆಸರಿಗೆ ‘ಸುಗಮಕಾರ’ ಎಂಬ ಬಾಲವೂ ಸೇರಿತು. ಹನ್ನೆರಡು ಮಂದಿ ದುಡಿಯುವ ತುರುವೇಕೆರೆಯ ನಾರಿನ ಘಟಕವೊಂದು ಹಳೆಯ ಲೆಕ್ಕದಲ್ಲಿ ಕಾರ್ಖಾನೆ. ಹೊಸ ಲೆಕ್ಕದಲ್ಲಿ ಅಲ್ಲ. ಹತ್ತು ಮಂದಿಗೆ ಮೇಲ್ಪಟ್ಟ ‘ಸಂಸ್ಥೆ’ಯಾಗಿ ಸಾಮಾನ್ಯ ಕರ್ತವ್ಯಗಳು ಅದಕ್ಕೆ ಉಳಿಯುತ್ತವೆ, ಕಾರ್ಖಾನೆಗೆಂದೇ ಇರುವ ವಿಧಿಗಳು ಉಳಿಯುವುದಿಲ್ಲ. ಆದರೆ ರಾಟೆಯು ತನ್ನ ಸುತ್ತ ಹನ್ನೆರಡು ಮಂದಿ ಇದ್ದಾರೋ ಇಪ್ಪತ್ತು ಮಂದಿಯೋ ಎಂದು ಎಣಿಸಿ ತಿರುಗುವುದಿಲ್ಲ. ಬಾಯ್ಲರಿನ ಕಾಯಿದೆ ಈ ವಿಷಯದಲ್ಲಿ ಹೆಚ್ಚು ವೈಜ್ಞಾನಿಕವಾದುದು. ೧೯೨೩ರ ಕಾಯಿದೆಯ ಸ್ಥಾನಕ್ಕೆ ೨೦೨೫ರಲ್ಲಿ ಹೊಸದು ಬಂದಿದ್ದರೂ, ಅದು ನೋಡುವುದು ಜನರ ಸಂಖ್ಯೆಯನ್ನಲ್ಲ. ಪಾತ್ರೆಯ ಗಾತ್ರ, ಒತ್ತಡ ಮತ್ತು ಉಷ್ಣತೆಗಳನ್ನು. ೨೫ ಲೀಟರಿಗಿಂತ ಚಿಕ್ಕದಾದುದು ಅದರ ಲೆಕ್ಕಕ್ಕೆ ಬಾರದು. ಮನೆಯ ಕುಕ್ಕರಿಗೆ ಪ್ರಮಾಣಪತ್ರ ಬೇಡವಾದದ್ದು ಇದರಿಂದಲೇ.

ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳೂ ಉಂಟಷ್ಟೆ. ಗಣಿಯ ಸುರಕ್ಷತೆ ಕೇಂದ್ರ ಪಟ್ಟಿಯ ೫೫ನೆಯ ಬಾಬು. ಅದರ ಪರೀಕ್ಷಕರು ೧೯೦೨ರಲ್ಲಿ ಸ್ಥಾಪಿತವಾಗಿ ಈಗ ಧನಬಾದಿನಲ್ಲಿ ನೆಲೆಸಿರುವ ಸಂಸ್ಥೆಯವರು, ಸಂಬಳ ಕೇಂದ್ರದ ಬೊಕ್ಕಸದಿಂದ. ಹೀಗೆ ಗುಡ್ಡಕ್ಕೆ ಒಬ್ಬರು, ಕೆಳಗಿನ ಕಾರ್ಖಾನೆಗೆ ಇನ್ನೊಬ್ಬರು. ಗುಡ್ಡಕ್ಕೂ ಕಾರ್ಖಾನೆಗೂ ನಡುವಣ ತೋಟದಲ್ಲಿ ಕಾಯಿ ಕೆಡಹಲು ಮರ ಹತ್ತುವವನಿಗೆ ಯಾರೂ ಇಲ್ಲ. ಹದಿನೈದು ಮೀಟರಿನ ಮರದಿಂದ ಜಾರಿದರೆ ನೆಲ ಮುಟ್ಟುವಾಗಿನ ವೇಗ ಗಂಟೆಗೆ ೬೨ ಕಿಲೋಮೀಟರು. ತೆಂಗು ಅಭಿವೃದ್ಧಿ ಮಂಡಲಿಯ ‘ಕೇರ ಸುರಕ್ಷಾ’ ವಿಮೆಯು ಅವನಿಗುಂಟು; ಕಂತಿನ ಬಹುಪಾಲನ್ನು ಮಂಡಲಿಯೇ ಭರಿಸುತ್ತದೆ. ಅದು ಬಿದ್ದ ಮೇಲಿನ ಹಣ. ಅವನ ಸೊಂಟದ ಹಗ್ಗವನ್ನು ಎಳೆದು ನೋಡಲು ಸಂಬಳ ಪಡೆಯುವ ಅಧಿಕಾರಿಯ ಬಾಬು ೨೨೩೦ರ ಕೆಳಗೆ ನಮಗೆ ಕಾಣಸಿಗಲಿಲ್ಲ. ಮರುದಿನ ತರಗತಿಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದಾಗ ಆ ವಿದ್ಯಾರ್ಥಿನಿ ಮತ್ತೆ ಎದ್ದುನಿಂತಳು. ಅವಳ ತಂದೆ ಕಾಯಿ ಕೆಡಹುವವರೆಂಬುದು ನಮಗೆ ತಿಳಿದದ್ದು ಆಗಲೇ.