ನೆಗಡಿಗೂ ಚುಚ್ಚುಮದ್ದೇ?

‘ನೆಗಡಿಗೆಲ್ಲ ಚುಚ್ಚುಮದ್ದೇ?’ ಎಂದು ರೋಗಿ ಕೇಳಿದರೆ ಅಚ್ಚರಿಯಿಲ್ಲ. ಎಚ್‌ಐವಿ ಸೋಂಕಿತರ ಶುಶ್ರೂಷೆ ಮಾಡುವ ವೈದ್ಯರು, ದಾದಿಯರಲ್ಲೇ ಕೆಲವರಿಗೆ ಈ ಅನುಮಾನ ಇದ್ದರೆ? ಫ್ಲೂ ಬರೀ ನೆಗಡಿಯಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದ ದೇಹದಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಕ್ಕೇ ಸಂಚಕಾರ ತರಬಹುದು.

ಹಿಂಜರಿಕೆಗೆ ಹಳೆಯ ಕಾರಣವೊಂದುಂಟು. 1990ರ ದಶಕದಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡ ಕೆಲವು ಸೋಂಕಿತರ ರಕ್ತದಲ್ಲಿ ಎಚ್‌ಐವಿ ವೈರಾಣುಗಳ ಪ್ರಮಾಣ ಏರಿದ್ದು ಕಂಡುಬಂತು. ವೈದ್ಯರು ಬೆಚ್ಚಿದ್ದು ಸಹಜವೇ. ಆ ಏರಿಕೆ ಕೆಲವೇ ವಾರಗಳಲ್ಲಿ ಇಳಿಯುತ್ತಿತ್ತು. ಸಂಶಯ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಲ್ಲಿ 2008ರಲ್ಲಿ ಡಾ. ಶಬೀರ್ ಮಾಧಿ ಮತ್ತು ಸಂಗಡಿಗರು 506 ಮಂದಿ ಸೋಂಕಿತ ವಯಸ್ಕರನ್ನು ಆಯ್ದುಕೊಂಡರು. ಸುಮಾರು ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದವರಿಗೆ ಹುಸಿಮದ್ದು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು: ಲಸಿಕೆ ಪಡೆದವರಲ್ಲಿ, ಪ್ರಯೋಗಾಲಯದಲ್ಲಿ ಖಚಿತಪಟ್ಟ ಫ್ಲೂ ಶೇ 75ರಷ್ಟು ಕಡಿಮೆ! ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದವರಲ್ಲಿ ಲಸಿಕೆ ಇಷ್ಟು ಚೆನ್ನಾಗಿ ಫಲಿಸದು, ನಿಜ. ಆದರೆ ಫ್ಲೂ ಹೆಚ್ಚು ಕಾಡುವುದೂ ಅವರನ್ನೇ.

ಲಸಿಕೆಯಿಂದಲೇ ಫ್ಲೂ ಬರುತ್ತದೆಂಬ ಭಯ ಇನ್ನೊಂದು. ಚುಚ್ಚಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಾಣುವೇ ಇಲ್ಲ. ಮೂಗಿಗೆ ಸಿಂಪಡಿಸುವ ಲಸಿಕೆಯಲ್ಲಿ ಇದೆ; ಅದನ್ನು ಎಚ್‌ಐವಿ ಸೋಂಕಿತರಿಗೆ ಕೊಡುವಂತಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

ನಮ್ಮ ದೇಶದಲ್ಲಿ ಎಆರ್‌ಟಿ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ 2004ರಿಂದ ಉಚಿತ. ಫ್ಲೂ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹೆಚ್ಚಿನವರು ವರ್ಷವರ್ಷವೂ ಕೈಯಿಂದ ಹಣ ತೆತ್ತು ಹಾಕಿಸಿಕೊಳ್ಳಬೇಕು. ದಿನಗೂಲಿಯವನು ಆ ಹಣ ತೆಗೆಯುವುದು ವೈದ್ಯರ ಮಾತು ನಂಬಿ. ‘ಈ ವರ್ಷ ಹಾಕಿಸಿಕೊಂಡಿರಾ?’ ಎಂದು ಅವರೇ ಕೇಳದಿದ್ದರೆ, ‘ನನಗೆ ಬೇಕೇ ಡಾಕ್ಟ್ರೇ?’ ಎಂದು ರೋಗಿಯೇ ಕೇಳಬಹುದು.